ಬಾಯ್ಲರ್ ಆಮೇಲೆ, ಮೊದಲು ಉಗ್ರಾಣ

ದಕ್ಷಿಣ ಜರ್ಮನಿಯ ಹಳ್ಳಿಗಳಲ್ಲಿ ಅರವತ್ತು–ಎಪ್ಪತ್ತರ ದಶಕದಲ್ಲಿ ಕಟ್ಟಿದ ಮನೆಗಳ ನೆಲಮಾಳಿಗೆಗೆ ಇಳಿದರೆ ಎಣ್ಣೆಯ ಘಾಟು ಈಗಲೂ ಮೂಗಿಗೆ ಬಡಿಯುತ್ತದೆ. ಮೂಲೆಯ ಕೋಣೆಯೊಂದರಲ್ಲಿ ಆಳೆತ್ತರದ ಟ್ಯಾಂಕು, ಪಕ್ಕದಲ್ಲಿ ಬಾಯ್ಲರ್, ಅಲ್ಲಿಂದ ಮನೆಯ ಪ್ರತಿ ಕೋಣೆಯ ರೇಡಿಯೇಟರ್‌ಗೂ ಬಿಸಿನೀರಿನ ಕೊಳವೆ. ಸಾಧಾರಣ ಮನೆಯೊಂದು ಚಳಿಗಾಲ ಕಳೆಯಲು ವರ್ಷಕ್ಕೆ ಎರಡು, ಎರಡೂವರೆ ಸಾವಿರ ಲೀಟರ್ ಎಣ್ಣೆ ಕುಡಿಯುತ್ತದೆ. ಈ ಟ್ಯಾಂಕು ಕಿತ್ತುಹಾಕಬೇಕೆಂದು ಹೊರಟವರ ಮುಂದಿರುವ ದಾರಿಗಳಲ್ಲಿ ಮರದ ಹೊಟ್ಟನ್ನು ಅದುಮಿ ಮಾಡಿದ ಪೆಲೆಟ್ ಒಂದು. 2024ರಲ್ಲಿ ಜಾರಿಗೆ ಬಂದ ಅಲ್ಲಿನ ಕಟ್ಟಡ ಇಂಧನ ಕಾಯ್ದೆ, ಹೊಸದಾಗಿ ಕೂರಿಸುವ ವ್ಯವಸ್ಥೆಯ ಶಾಖದಲ್ಲಿ ಶೇ 65 ಪಾಲು ನವೀಕರಿಸಬಹುದಾದ ಮೂಲದಿಂದ ಬರಬೇಕು ಎಂದು ಹಂತ ಹಂತವಾಗಿ ಕೇಳತೊಡಗಿತು. ಹೀಗಾಗಿ ಪೆಲೆಟ್ ಬಗ್ಗೆ ವಿಚಾರಿಸುವವರೂ ಇದ್ದಾರೆ.

ವಿಚಾರಿಸುವವರಲ್ಲಿ ನಮ್ಮವರೂ ಇದ್ದಾರೆ. ಸ್ಟುಟ್‌ಗಾರ್ಟ್ ಸುತ್ತಮುತ್ತ ಕೆಲಸಕ್ಕೆ ಹೋದ ಕನ್ನಡದ ಎಂಜಿನಿಯರ್‌ಗಳಲ್ಲಿ ಕೆಲವರು ಬಾಡಿಗೆ ಫ್ಲ್ಯಾಟ್ ಬಿಟ್ಟು ಹಳ್ಳಿಯ ಕಡೆ ಹಳೆಯ ಮನೆ ಕೊಂಡಿದ್ದಾರೆ. ಅವರು ಮೊದಲು ಕೇಳುವ ಪ್ರಶ್ನೆ: ಯಾವ ಕಂಪನಿಯ ಬಾಯ್ಲರ್ ಒಳ್ಳೆಯದು? ನನ್ನನ್ನು ಕೇಳಿದರೆ ಅದು ಕೊನೆಯಲ್ಲಿ ಕೇಳಬೇಕಾದ ಪ್ರಶ್ನೆ. ಆಸ್ಟ್ರಿಯಾ, ಜರ್ಮನಿಗಳ ಹೆಸರಾಂತ ಬಾಯ್ಲರ್‌ಗಳೆಲ್ಲ ಹೆಚ್ಚುಕಮ್ಮಿ ಒಂದೇ ಮಟ್ಟದವು. ನಾಲ್ಕೂವರೆ ಟನ್ ಸರಕನ್ನು ಎಲ್ಲಿ ಇಡುತ್ತೀರಿ, ಅದು ಒಣಗಿಯೇ ಉಳಿಯುತ್ತದೆಯೇ, ಲಾರಿ ಅಲ್ಲಿಯವರೆಗೆ ಬರುತ್ತದೆಯೇ, ಆ ಕೋಣೆಗೆ ಗಾಳಿ ಆಡುತ್ತದೆಯೇ — ಸುಖವೋ ಗೋಳೋ ತೀರ್ಮಾನವಾಗುವುದು ಇವುಗಳ ಮೇಲೆ.

ನಾಲ್ಕೂವರೆ ಟನ್ ಎಂಬ ಲೆಕ್ಕ ಬಂದದ್ದು ಹೀಗೆ. ಒಂದು ಲೀಟರ್ ಎಣ್ಣೆಯಲ್ಲಿ ಸುಮಾರು 10 ಯೂನಿಟ್ ಶಾಖವಿದೆ, ಒಂದು ಕಿಲೊ ಪೆಲೆಟ್‌ನಲ್ಲಿ ಐದಕ್ಕೆ ಸ್ವಲ್ಪ ಕಡಿಮೆ. ಹಾಗಾಗಿ ಹಳೆಯ ಎಣ್ಣೆ ಬಿಲ್ಲಿನ ಲೀಟರುಗಳನ್ನು ಎರಡರಿಂದ ಗುಣಿಸಿದರೆ ಬೇಕಾಗುವ ಪೆಲೆಟ್ ಎಷ್ಟು ಕಿಲೊ ಎಂಬುದು ಸಿಗುತ್ತದೆ. 2,200 ಲೀಟರ್ ಸುಡುತ್ತಿದ್ದ ಮನೆಗೆ 4,400 ಕಿಲೊ. ಘನ ಮೀಟರಿಗೆ ಸುಮಾರು 650 ಕಿಲೊ ಹಿಡಿಯುವುದರಿಂದ ಇದಕ್ಕೆ 7 ಘನ ಮೀಟರ್ ಜಾಗ ಬೇಕು. ಆದರೆ ಉಗ್ರಾಣದ ತಳ ಇಳಿಜಾರಾಗಿರಬೇಕು, ಮೇಲೂ ಒಂದಿಷ್ಟು ಖಾಲಿ ಉಳಿಯಬೇಕು. ಕೋಣೆಯ ಮೂರನೇ ಒಂದು ಭಾಗ ಇದಕ್ಕೇ ಹೋಗುತ್ತದೆ. ಕೊನೆಗೆ ಎರಡು ಮೀಟರ್ ಅಗಲ, ಎರಡೂವರೆ ಮೀಟರ್ ಉದ್ದದ ಒಂದು ಕೋಣೆ ಬೇಕಾಗುತ್ತದೆ. ಎಣ್ಣೆ ಟ್ಯಾಂಕು ಕೂತಿದ್ದ ಜಾಗ ಹೆಚ್ಚಿನ ಮನೆಗಳಲ್ಲಿ ಇಷ್ಟೇ ಇರುತ್ತದೆ. ಎಣ್ಣೆಯಿಂದ ಪೆಲೆಟ್‌ಗೆ ಹೋಗುವುದು ಸುಲಭ, ಗ್ಯಾಸ್‌ನಿಂದ ಹೋಗುವುದು ಕಷ್ಟ ಎಂದು ಅಲ್ಲಿನ ಕೆಲಸಗಾರರು ಹೇಳುವುದು ಇದಕ್ಕೇ. ಗ್ಯಾಸ್ ಮನೆಗೆ ಕೊಳವೆಯಲ್ಲಿ ಬರುತ್ತದೆ. ಆ ಮನೆಗಳಲ್ಲಿ ಖಾಲಿ ಮಾಡಲು ಟ್ಯಾಂಕಿನ ಕೋಣೆಯೇ ಇರುವುದಿಲ್ಲ.

ಇನ್ನು ಪೆಲೆಟ್ ಎಂಬ ಪದಾರ್ಥ. ಕಿರುಬೆರಳಿಗಿಂತ ತೆಳು, 6 ಮಿಲಿಮೀಟರ್ ದಪ್ಪ, ಉದ್ದ ಹೆಚ್ಚೆಂದರೆ 4 ಸೆಂಟಿಮೀಟರ್. ಸಾಮಿಲ್‌ನಿಂದ ಬಂದ ಹಸಿ ಹೊಟ್ಟಿನಲ್ಲಿ ಅರ್ಧಕ್ಕರ್ಧ ನೀರು. ಅದನ್ನು ಶೇ 10ಕ್ಕಿಂತ ಕೆಳಗೆ ಒಣಗಿಸಿ, ತೂತುಗಳಿರುವ ದಪ್ಪ ಉಕ್ಕಿನ ಅಚ್ಚಿನ ಮೂಲಕ ಒತ್ತಡದಲ್ಲಿ ತಳ್ಳುತ್ತಾರೆ. ಉಜ್ಜಾಟದ ಬಿಸಿಗೆ ಮರದಲ್ಲೇ ಇರುವ ಲಿಗ್ನಿನ್ ಮೆತ್ತಗಾಗಿ, ತಣಿದಾಗ ಅಂಟಿನ ಹಾಗೆ ಬಿಗಿಯುತ್ತದೆ. ಹೊರಮೈಯ ಹೊಳಪು ಆ ಲಿಗ್ನಿನ್‌ನದೇ. ಹೆಚ್ಚೆಂದರೆ ಶೇ 2ರಷ್ಟು ಪಿಷ್ಟ ಬೆರೆಸಲು ನಿಯಮ ಒಪ್ಪುತ್ತದೆ. ರಾಸಾಯನಿಕ ಅಂಟಿಗೆ ಅವಕಾಶವಿಲ್ಲ. ಒಂದು ಲೋಟ ನೀರಿಗೆ ನಾಲ್ಕು ಪೆಲೆಟ್ ಹಾಕಿ ನೋಡಿ: ಒಳ್ಳೆಯದಾದರೆ ಕಲ್ಲಿನಂತೆ ತಳ ಸೇರುತ್ತದೆ, ಸ್ವಲ್ಪ ಹೊತ್ತಿಗೆ ಉಬ್ಬಿ ಮತ್ತೆ ಹೊಟ್ಟಾಗಿಬಿಡುತ್ತದೆ. ಮರ ನೀರಿನ ಮೇಲೆ ತೇಲುತ್ತದೆ, ಅದರದೇ ಹೊಟ್ಟನ್ನು ಅದುಮಿದರೆ ಮುಳುಗುತ್ತದೆ.

ಈ ಲೋಟದಲ್ಲಿ ನಡೆದದ್ದೇ ಉಗ್ರಾಣದಲ್ಲಿ ನಡೆದರೆ ಏನಾದೀತು? ಗೋಡೆಯ ತೇವ, ಮೇಲೆ ಹಾದುಹೋದ ನೀರಿನ ಪೈಪಿನ ಒಂದು ಸೋರಿಕೆ ಸಾಕು. ಪೆಲೆಟ್ ಉಬ್ಬಿ ಗಟ್ಟಿ ಮುದ್ದೆಯಾಗಿ ಗೋಡೆಯನ್ನೇ ದೂಡುವ ಮಟ್ಟಕ್ಕೆ ಬರುತ್ತದೆ. ಕೆದಕಿ ತೆಗೆಯುವುದು ಸಲಿಕೆಯ ಕೆಲಸ, ಕೆಲವೊಮ್ಮೆ ಹಾರೆಯ ಕೆಲಸ. ಆದ್ದರಿಂದ ಉಗ್ರಾಣದೊಳಗೆ ನೀರಿನ ಕೊಳವೆ ಇರಬಾರದು. ಧೂಳು ಹಾರುವ ಜಾಗವಾದ್ದರಿಂದ ಸ್ವಿಚ್ಚು, ಬಲ್ಬು ಇರಬಾರದು. ತಳಕ್ಕೆ ನುಣುಪಾದ ಹಲಗೆಗಳನ್ನು 40ರಿಂದ 45 ಡಿಗ್ರಿ ಓರೆಯಲ್ಲಿ ಎರಡೂ ಬದಿಯಿಂದ ಇಳಿಬಿಟ್ಟು, ನಡುವಿನ ಕಾಲುವೆಗೆ ಪೆಲೆಟ್ ತಾನಾಗಿ ಜಾರುವಂತೆ ಮಾಡುತ್ತಾರೆ. ಓರೆ ಕಡಿಮೆಯಾದರೆ ಮೂಲೆಗಳಲ್ಲಿ ಪೆಲೆಟ್ ನಿಂತುಬಿಡುತ್ತದೆ. ಆಗ ಉಗ್ರಾಣ ಅರ್ಧ ತುಂಬಿದ್ದರೂ ಬಾಯ್ಲರ್ 'ಇಂಧನವಿಲ್ಲ' ಎಂದು ನಿಲ್ಲುತ್ತದೆ, ಅದೂ ಬಹುತೇಕ ಜನವರಿಯ ರಾತ್ರಿಯಲ್ಲಿ. ಬಾಗಿಲ ಒಳಮಗ್ಗುಲಿಗೆ ಒಂದರ ಮೇಲೊಂದು ಹಲಗೆಗಳನ್ನು ಕೂರಿಸಿರುತ್ತಾರೆ. ಬಾಗಿಲು ತೆರೆದರೂ ಪೆಲೆಟ್ ಮೈಮೇಲೆ ಸುರಿಯದು. ಎಷ್ಟು ಉಳಿದಿದೆಯೆಂದು ನೋಡಲು ಒಂದು ಹಲಗೆ ಎತ್ತಿದರಾಯಿತು. ಇಷ್ಟೆಲ್ಲ ಬಡಗಿ ಕೆಲಸ ಬೇಡವೆನ್ನುವವರಿಗೆ ಉಕ್ಕಿನ ಚೌಕಟ್ಟಿಗೆ ತೂಗುಹಾಕಿದ ದಪ್ಪ ಬಟ್ಟೆಯ ಚೀಲದ ಕಣಜ ಸಿಗುತ್ತದೆ. ಜಾಗ ಸ್ವಲ್ಪ ಹೆಚ್ಚು ತಿನ್ನುತ್ತದೆ, ಆದರೆ ನೆಲಮಾಳಿಗೆಯಲ್ಲಿ ತೇವದ ಗುಮಾನಿಯಿದ್ದರೆ ನಾನು ಇದನ್ನೇ ಹೇಳುತ್ತೇನೆ.

ಲಾರಿ ಬರುವ ದಿನ ನೋಡಬೇಕು. ಹಿಟ್ಟು ಸಾಗಿಸುವ ಟ್ಯಾಂಕರಿನಂಥದೇ ಗಾಡಿ, ಒಳಗೇ ತೂಕದ ಯಂತ್ರ. ಮನೆಯ ಹೊರಗೋಡೆಯಲ್ಲಿ ಮುಚ್ಚಳವಿರುವ ಎರಡು ಲೋಹದ ಬಾಯಿಗಳು. ಒಂದಕ್ಕೆ ಡ್ರೈವರ್ ದಪ್ಪ ಹೋಸ್ ಸಿಕ್ಕಿಸಿ ಗಾಳಿಯ ಒತ್ತಡದಿಂದ ಪೆಲೆಟ್ ಊದುತ್ತಾನೆ, ಇನ್ನೊಂದಕ್ಕೆ ಫ್ಯಾನ್ ಕಟ್ಟಿ ಒಳಗಿನ ಧೂಳಿನ ಗಾಳಿಯನ್ನು ಹೀರಿ ದೊಡ್ಡ ಬಟ್ಟೆಚೀಲಕ್ಕೆ ಬಿಡುತ್ತಾನೆ. ಕೊಳವೆಯಲ್ಲಿ ಮಳೆ ಬಂದಂತೆ ಸದ್ದು. ಊದಿದ ಪೆಲೆಟ್ ಎದುರುಗೋಡೆಗೆ ಬಡಿದು ಪುಡಿಯಾಗದಂತೆ ಅಲ್ಲಿ ರಬ್ಬರ್ ಹಾಳೆಯೊಂದು ನೇತಾಡುತ್ತಿರುತ್ತದೆ. ಈ ಹಾಳೆ ಹರಿದಿದ್ದರೆ, ಇಲ್ಲವೇ ಹಾಕುವುದೇ ಮರೆತಿದ್ದರೆ, ದುಡ್ಡು ಕೊಟ್ಟು ತರಿಸಿದ ಪೆಲೆಟ್ ಕಣ್ಣೆದುರೇ ಹೊಟ್ಟಾಗುತ್ತದೆ. ಲಾರಿಯಿಂದ ಉಗ್ರಾಣಕ್ಕೆ 30 ಮೀಟರ್ ಒಳಗಿದ್ದರೆ ಸರಿ. ಹೋಸ್ ಉದ್ದವಾದಷ್ಟೂ, ತಿರುವು ಹೆಚ್ಚಾದಷ್ಟೂ ಪೆಲೆಟ್ ಒಡೆಯುವುದೂ ಹೆಚ್ಚು. ಲಾರಿ ಬರುವ ಮೊದಲೇ ಬಾಯ್ಲರ್ ಆರಿಸಿರಬೇಕು. ಫ್ಯಾನ್ ಗಾಳಿ ಹೀರುವಾಗ ಬಾಯ್ಲರಿನ ಹೊಗೆಯೂ ಹಿಮ್ಮುಖವಾಗಿ ಬಂದುಬಿಡಬಹುದು. ಒಳ್ಳೆಯ ಡ್ರೈವರ್ ಹೋಸ್ ಬಿಚ್ಚುವ ಮುನ್ನ 'ಬಾಯ್ಲರ್ ಆಫ್ ಆಗಿದೆಯೇ' ಎಂದು ಕೇಳಿ, ತಾನೇ ಹೋಗಿ ನೋಡಿ, ಚೀಟಿಯಲ್ಲಿ ಬರೆದುಕೊಳ್ಳುತ್ತಾನೆ.

ಮಾರುವವರ ಚಂದದ ಪುಸ್ತಿಕೆಗಳಲ್ಲಿ ಸಣ್ಣ ಅಕ್ಷರದಲ್ಲಿ ಅಡಗುವ ಒಂದು ಸಂಗತಿಯಿದೆ. ಹೊಸ ಪೆಲೆಟ್ ಉಗ್ರಾಣದಲ್ಲಿ ಸುಮ್ಮನೆ ಬಿದ್ದಿರುವಾಗಲೇ ಕಾರ್ಬನ್ ಮಾನಾಕ್ಸೈಡ್ ಬಿಡುತ್ತದೆ. ಬೆಂಕಿ ಬೇಕಿಲ್ಲ. ಪೈನ್, ಸ್ಪ್ರೂಸ್‌ನಂಥ ಮರಗಳ ಕೊಬ್ಬಿನಾಮ್ಲಗಳು ಗಾಳಿಯ ಆಮ್ಲಜನಕದೊಂದಿಗೆ ನಿಧಾನಕ್ಕೆ ಸೇರುವಾಗ ಈ ಅನಿಲ ಹುಟ್ಟುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. 2006ರ ನವೆಂಬರ್‌ನಲ್ಲಿ ಸ್ವೀಡನ್ನಿನ ಹೆಲ್ಸಿಂಗ್‌ಬೋರಿ ಬಂದರಿನಲ್ಲಿ ಕೆನಡಾದಿಂದ ಪೆಲೆಟ್ ತಂದ ಹಡಗೊಂದರಲ್ಲಿ, ಸರಕಿನ ಕೋಣೆಯ ಪಕ್ಕದ ಮೆಟ್ಟಿಲಿಗೆ ಇಳಿದ ನಾವಿಕ ಅಲ್ಲೇ ಸತ್ತ. 2010ರ ಆಸುಪಾಸಿನಲ್ಲಿ ಜರ್ಮನಿ, ಸ್ವಿಟ್ಜರ್ಲೆಂಡ್‌ಗಳಲ್ಲಿ ಕಟ್ಟಡಗಳ ಉಗ್ರಾಣಗಳಲ್ಲೇ ಸಾವುಗಳಾದವು. ಆಮೇಲೆ ನಿಯಮಗಳು ಬಿಗಿಯಾದವು: ಊದುವ ಬಾಯಿಗಳಿಗೆ ಗಾಳಿಯಾಡುವ ಮುಚ್ಚಳ, ಬಾಗಿಲ ಮೇಲೆ ಎಚ್ಚರಿಕೆಯ ಫಲಕ, ತುಂಬಿಸಿದ ಮೊದಲ ನಾಲ್ಕು ವಾರ ಮಾಪಕವಿಲ್ಲದೆ ಒಳಗೆ ಹೋಗುವಂತಿಲ್ಲ, ಆಮೇಲೂ ಬಾಗಿಲು ತೆರೆದು ಕನಿಷ್ಠ ಕಾಲು ಗಂಟೆ ಕಾಯಬೇಕು, ಒಳಗೆ ಹೋದವರ ಮೇಲೆ ಕಣ್ಣಿಟ್ಟು ಹೊರಗೊಬ್ಬರು ನಿಂತಿರಬೇಕು.

ಇದನ್ನು ಕೇಳಿದಾಗ ಉತ್ತರ ಕರ್ನಾಟಕದವರಿಗೆ ಧಾನ್ಯ ತುಂಬಿಡುವ ನೆಲದಡಿಯ ಗುಂಡಿ, ಅಂದರೆ ಹಗೇವು, ನೆನಪಾಗದೆ ಇರದು. ನನಗೆ ಪರಿಚಯದ ಎಂಜಿನಿಯರ್ ಒಬ್ಬರ ಮನೆಗೆ ಹಾವೇರಿ ಕಡೆಯಿಂದ ತಂದೆ ಬಂದಿದ್ದರು. ಮಗ ಉಗ್ರಾಣದ ಫಲಕ ಓದಿ ಹೇಳಿದ್ದೇ ತಡ, ಮುದುಕರು ಅಂದರು: "ಇದು ನಮ್ಮ ಹಗೇವ ಆತಲ್ಲೋ ತಮ್ಮಾ. ಬಾಯಿ ತೆಗದು ಗಾಳಿ ಆಡಿಸಿ, ದೀಪ ಇಳಿಬಿಟ್ಟು ನೋಡಿ ಆಮ್ಯಾಲ ಇಳೀತಿದ್ವಿ. ದೀಪ ಆರಿದ್ರ ಮುಗೀತು, ಯಾರೂ ಇಳೀತಿರಲಿಲ್ಲ." ಮಗ, "ಇಲ್ಲಿ ದೀಪ ನಡಿಯಂಗಿಲ್ಲಪ್ಪ" ಎಂದು ಬಾಗಿಲ ಪಕ್ಕ ನೇತುಹಾಕಿದ ಪುಟ್ಟ ಮಾಪಕ ತೋರಿಸಿದರು. ಮಗ ಹೇಳಿದ್ದು ಸರಿ. ಹಗೇವಿನಲ್ಲಿ ಧಾನ್ಯ ಉಸಿರಾಡಿ ಆಮ್ಲಜನಕ ಖರ್ಚಾಗಿ ಇಂಗಾಲದ ಡೈಆಕ್ಸೈಡ್ ತುಂಬಿರುತ್ತದೆ, ಹಾಗಾಗಿ ದೀಪ ಆರುತ್ತದೆ. ಮಾನಾಕ್ಸೈಡ್ ಮನುಷ್ಯನನ್ನು ಕೆಡವುವಷ್ಟು ಪ್ರಮಾಣದಲ್ಲಿದ್ದಾಗಲೂ ದೀಪ ಉರಿಯುತ್ತಲೇ ಇರುತ್ತದೆ. ಧೂಳಿರುವ ಕೋಣೆಗೆ ಜ್ವಾಲೆ ಒಯ್ಯುವುದಂತೂ ಸಲ್ಲದು. ಬಾಗಿಲು ತೆರೆದು ಕಾಯುವ ಪಾಠ ಎರಡಕ್ಕೂ ಒಂದೇ, ದೀಪದ ಪಾಠ ಮಾತ್ರ ಇಲ್ಲಿ ಕೈಕೊಡುತ್ತದೆ.

ಉಗ್ರಾಣ ನೆಟ್ಟಗಿದ್ದರೆ ಬಾಯ್ಲರಿನ ಕಥೆ ಚಿಕ್ಕದು. ನಿರ್ವಾತದ ಕೊಳವೆಯೊಂದು ಉಗ್ರಾಣದಿಂದ ಪೆಲೆಟ್ ಹೀರಿ ಬಾಯ್ಲರಿನ ಪುಟ್ಟ ಡಬ್ಬಿಗೆ ತುಂಬುತ್ತದೆ. ವ್ಯಾಕ್ಯೂಮ್ ಕ್ಲೀನರಿಗೆ ಬೆಣಚುಕಲ್ಲು ಸಿಕ್ಕಂಥ ಸದ್ದು ಬರುವುದರಿಂದ ರಾತ್ರಿ ಇದು ನಡೆಯದಂತೆ ಸಮಯ ಕಟ್ಟಿಡುತ್ತಾರೆ. ಡಬ್ಬಿಯಿಂದ ಸ್ಕ್ರೂ ಒಂದೊಂದೇ ಹಿಡಿ ಪೆಲೆಟ್ ತಳ್ಳುತ್ತದೆ. ಬೆಂಕಿ ಹಿಂದಕ್ಕೆ ಓಡಿ ಡಬ್ಬಿ ಮುಟ್ಟದಂತೆ ನಡುವೆ ತಿರುಗುವ ಅಡ್ಡಗಟ್ಟು. ಬಿಸಿಗಾಳಿಯ ಕಡ್ಡಿ ಕೆಲವು ನಿಮಿಷದಲ್ಲಿ ಕಿಡಿ ಹಚ್ಚಿದ ಮೇಲೆ, ಹೊಗೆಯಲ್ಲಿ ಎಷ್ಟು ಆಮ್ಲಜನಕ ಉಳಿದಿದೆಯೆಂದು ಅಳೆಯುವ ಲ್ಯಾಂಬ್ಡಾ ಸೆನ್ಸರ್ ಗಾಳಿ ಮತ್ತು ಇಂಧನದ ಅಳತೆ ಹೊಂದಿಸುತ್ತದೆ. ಕಾರಿನಲ್ಲಿರುವುದೂ ಇದೇ ಸೆನ್ಸರ್. ಹೊತ್ತಿಸುವಾಗ ಮತ್ತು ಆರುವಾಗಲೇ ಹೊಗೆ ಹೆಚ್ಚು, ದಕ್ಷತೆ ಕಡಿಮೆ. ಪದೇಪದೇ ಹೊತ್ತಿ ಆರದಿರಲೆಂದೇ ಪಕ್ಕದಲ್ಲಿ ನೂರಾರು ಲೀಟರಿನ ಬಿಸಿನೀರಿನ ಟ್ಯಾಂಕು; ಬಾಯ್ಲರ್ ಒಂದೇ ಉಸಿರಿಗೆ ಉರಿದು ಅದನ್ನು ಕಾಯಿಸಿ ವಿಶ್ರಮಿಸುತ್ತದೆ. ಖರ್ಚು ಉಳಿಸಲು ಈ ಟ್ಯಾಂಕು ಬಿಡುವವರಿದ್ದಾರೆ. ಬಿಡಬಾರದು. ಇನ್ನೊಂದು ಮಾತು: ಸ್ಕ್ರೂ, ಫ್ಯಾನ್, ಪಂಪ್ ಎಲ್ಲಕ್ಕೂ ಕರೆಂಟು ಬೇಕು. ಕರೆಂಟು ಹೋದರೆ ನಾಲ್ಕು ಟನ್ ಇಂಧನದ ಪಕ್ಕದಲ್ಲೇ ಮನೆ ತಣ್ಣಗಾಗುತ್ತದೆ.

ಪೆಲೆಟ್ ಸುಡುವ ಒಲೆಯ ಮೂಲ ಅಮೆರಿಕದಲ್ಲಿದೆ. ಎಪ್ಪತ್ತರ ದಶಕದ ತೈಲ ಬಿಕ್ಕಟ್ಟಿನ ನಂತರ, ಬೋಯಿಂಗ್‌ನಲ್ಲಿ ಎಂಜಿನಿಯರ್ ಆಗಿದ್ದ ಜೆರಿ ವಿಟ್‌ಫೀಲ್ಡ್ ಎಂಬತ್ತರ ದಶಕದಲ್ಲಿ ವಾಷಿಂಗ್ಟನ್ ರಾಜ್ಯದಲ್ಲಿ ರೂಪಿಸಿದ್ದು ಕೋಣೆಯೊಳಗಿಡುವ ಪೆಲೆಟ್ ಒಲೆಯನ್ನು. ಅದರ ವಂಶಸ್ಥರು ಈಗ ಹೆಚ್ಚು ಕಾಣುವುದು ಇಟಲಿಯಲ್ಲಿ. ನೆಲಮಾಳಿಗೆಯಿಲ್ಲದ ಮನೆಗೆ, ಒಂದೆರಡು ಕೋಣೆ ಮಾತ್ರ ಬೆಚ್ಚಗಿದ್ದರೆ ಸಾಕೆನ್ನುವವರಿಗೆ ಇದು ಸರಿ. 15 ಕಿಲೊ ಚೀಲವೊಂದನ್ನು ಮೇಲಿನ ಡಬ್ಬಿಗೆ ಸುರಿದರೆ ಸಾಧಾರಣ ಚಳಿಯಲ್ಲಿ ಒಂದು ದಿನ ಕಳೆಯುತ್ತದೆ. ಆದರೆ ಚೀಲ ಹೊರುವ ಬೆನ್ನು ನಿಮ್ಮದು, ಬೆಳಿಗ್ಗೆ ಉರಿಬಟ್ಟಲು ಕೆದಕಿ ಗಾಜು ಒರೆಸುವ ಕೈಯೂ ನಿಮ್ಮದೇ. ಫ್ಯಾನಿನ ಗುಂಯ್‌ಗುಡುವಿಕೆಯನ್ನು ಅಂಗಡಿಯಲ್ಲೇ ಒಲೆ ಉರಿಸಿ ಕೇಳಿಸಿಕೊಂಡು ಕೊಳ್ಳುವುದು ಒಳಿತು. ಕೆಲವರಿಗೆ ಅದು ಟಿವಿ ಮುಂದೆ ಕೂರಲು ಬಿಡುವುದಿಲ್ಲ.

ಬೂದಿಯ ವಿಷಯದಲ್ಲಿ ಪೆಲೆಟ್ ಸೌದೆಗಿಂತ ಎಷ್ಟೋ ವಾಸಿ. ಯುರೋಪಿನ 'ಇಎನ್‌ಪ್ಲಸ್ ಎ1' ದರ್ಜೆಯ ಪೆಲೆಟ್‌ನಲ್ಲಿ ಬೂದಿ ಶೇ 0.7 ಮೀರುವಂತಿಲ್ಲ. ಅಂದರೆ ನಾಲ್ಕೂವರೆ ಟನ್ ಸುಟ್ಟರೂ ಇಡೀ ವರ್ಷಕ್ಕೆ 32 ಕಿಲೊ ದಾಟದು. ಅಗ್ಗಕ್ಕೆ ಸಿಕ್ಕಿತೆಂದು ದರ್ಜೆಯಿಲ್ಲದ ಪೆಲೆಟ್ ತಂದರೆ ತೊಗಟೆ, ಮಣ್ಣು ಬೆರೆತು ಬೂದಿ ಕರಗಿ ಕಿಟ್ಟ ಕಟ್ಟುತ್ತದೆ. ಉರಿಬಟ್ಟಲಿನ ತೂತು ಮುಚ್ಚಿ ಬೆಂಕಿಗೆ ಗಾಳಿ ಸಿಗದಂತಾಗುತ್ತದೆ. ತೆಗೆದ ಬೂದಿಯನ್ನು ಮುಚ್ಚಳದ ಕಬ್ಬಿಣದ ಡಬ್ಬಿಯಲ್ಲೇ ಇಡಬೇಕು. ಮೇಲೆ ತಣ್ಣಗಿದ್ದರೂ ಒಳಗೆ ಕೆಂಡ ಒಂದು ದಿನಕ್ಕೂ ಮೀರಿ ಬದುಕಿರುತ್ತದೆ. ಪ್ಲಾಸ್ಟಿಕ್ ಕಸದಬುಟ್ಟಿಗೆ ಸುರಿದು ಗ್ಯಾರೇಜು ಸುಟ್ಟುಕೊಂಡವರುಂಟು. ಇನ್ನು ಚಿಮಣಿ ಗುಡಿಸುವವರು. ಜರ್ಮನಿಯಲ್ಲಿ ಇವರು ಕರಿ ಸಮವಸ್ತ್ರದಲ್ಲಿ ಕಾನೂನಿನ ಬಲದೊಂದಿಗೆ ಬರುತ್ತಾರೆ, ಚಿಮಣಿ ಗುಡಿಸುತ್ತಾರೆ, ಎರಡು ವರ್ಷಕ್ಕೊಮ್ಮೆ ಬಾಯ್ಲರಿನ ಹೊಗೆ ಅಳೆಯುತ್ತಾರೆ. ಎದುರಾದರೆ ಅದೃಷ್ಟವೆಂದು ಅಲ್ಲಿನವರ ನಂಬಿಕೆ; ಬಿಲ್ಲು ನೋಡಿದ ಮೇಲೂ ಹಾಗೆ ಅನ್ನಿಸುತ್ತದೆಯೋ ಏನೋ.

ದುಡ್ಡಿನ ಮಾತಿಗೆ ಬಂದರೆ 2022ನ್ನು ಬಿಟ್ಟು ಹೇಳುವುದು ಸಾಧ್ಯವಿಲ್ಲ. ಅದಕ್ಕೆ ಮೊದಲು ಜರ್ಮನಿಯಲ್ಲಿ ಟನ್ ಪೆಲೆಟ್‌ಗೆ 250 ಯೂರೊ ಆಜುಬಾಜು ಇತ್ತು. ಉಕ್ರೇನ್ ಯುದ್ಧ ಶುರುವಾಗಿ ರಷ್ಯಾ, ಬೆಲಾರೂಸ್‌ಗಳ ಪೆಲೆಟ್ ನಿಂತಿತು. ಗ್ಯಾಸಿಗೆ ಹೆದರಿದವರೆಲ್ಲ ಒಟ್ಟಿಗೇ ಪೆಲೆಟ್‌ಗೆ ಮುಗಿಬಿದ್ದರು. ಸೆಪ್ಟೆಂಬರ್ ಹೊತ್ತಿಗೆ ಟನ್ನಿಗೆ 750 ಯೂರೊ ದಾಟಿತು. ಮುಂಗಡ ಹಣ ತೆಗೆದುಕೊಂಡು ಮಾಯವಾಗುವ ನಕಲಿ ಜಾಲತಾಣಗಳು ಎದ್ದವು. ಮುಂದಿನ ವಸಂತದ ಹೊತ್ತಿಗೆ ದರ ಅರ್ಧಕ್ಕಿಳಿಯಿತು. 2022ರಲ್ಲಿ ಜರ್ಮನಿಯೇ ಸುಮಾರು 35 ಲಕ್ಷ ಟನ್ ಪೆಲೆಟ್ ತಯಾರಿಸಿತ್ತು, ತನ್ನ ಮನೆಗಳಿಗೆ ಸಾಲುವಷ್ಟು. ಆದರೂ ದರ ಏರಿತು. 'ನಮ್ಮೂರ ಕಾಡಿನ ಇಂಧನ, ಯಾರ ಹಂಗೂ ಇಲ್ಲ' ಎಂಬ ಮಾರಾಟದ ಮಾತು ಆ ಬೇಸಿಗೆಯಲ್ಲಿ ಸವೆದುಹೋಯಿತು. ಅಂದು ತಪ್ಪಿಸಿಕೊಂಡವರು ಯಾರೆಂದರೆ ಒಂದೂವರೆ ವರ್ಷದ ಸರಕು ಹಿಡಿಯುವ ಉಗ್ರಾಣ ಕಟ್ಟಿಸಿಕೊಂಡು ಹಿಂದಿನ ಬೇಸಿಗೆಯಲ್ಲೇ ತುಂಬಿಸಿಕೊಂಡಿದ್ದವರು.

ಹೊಗೆಯ ಪ್ರಶ್ನೆಯನ್ನು ಪೆಲೆಟ್ ಮಾರುವವರು ಇಷ್ಟಪಡುವುದಿಲ್ಲ. 2015ರಿಂದ ಅಲ್ಲಿ ಹೊಸ ಬಾಯ್ಲರುಗಳಿಗೆ ಘನ ಮೀಟರ್ ಹೊಗೆಗೆ 20 ಮಿಲಿಗ್ರಾಂ ಧೂಳಿನ ಮಿತಿಯಿದೆ. ಸೌದೆ ಒಲೆಗೆ ಹೋಲಿಸಿದರೆ ಇದು ಬಹಳ ಸ್ವಚ್ಛ, ಗ್ಯಾಸ್‌ಗೆ ಹೋಲಿಸಿದರೆ ಕೊಳಕು. ಮರ ಮತ್ತೆ ಬೆಳೆಯುತ್ತದಾದ್ದರಿಂದ ಇಂಗಾಲದ ಲೆಕ್ಕ ಸರಿಹೋಗುತ್ತದೆ ಎಂಬ ವಾದವೂ ಹೊಟ್ಟಿಗೆ ಒಪ್ಪುತ್ತದೆ, ಪೆಲೆಟ್‌ಗೆಂದೇ ಕಡಿದ ಮರಕ್ಕೆ ಒಪ್ಪುವುದಿಲ್ಲ. ಜರ್ಮನಿಯ ಪೆಲೆಟ್ ಬಹುಪಾಲು ಸಾಮಿಲ್ ಹೊಟ್ಟಿನದು ಎಂಬುದು ನಿಜ. ಹಾಗಿದ್ದರೂ ಅಲ್ಲಿನ ಕೇಂದ್ರ ಪರಿಸರ ಸಂಸ್ಥೆಯೇ ಮನೆ ಕಾಯಿಸಲು ಮರ ಸುಡಬೇಡಿ ಎಂದು ಸಲಹೆ ಕೊಡುತ್ತ ಬಂದಿದೆ. ಸರ್ಕಾರದ ಇನ್ನೊಂದು ಕೈ ಬಾಯ್ಲರಿಗೆ ಶೇ 30ರಿಂದ ಶುರುವಾಗುವ ಸಹಾಯಧನ ಕೊಡುತ್ತದೆ, ಧೂಳು 2.5 ಮಿಲಿಗ್ರಾಂ ಮೀರದ ಬಾಯ್ಲರಿಗೆ ಮೇಲೆ 2,500 ಯೂರೊ.

ಹಾಗಾದರೆ ಯಾರು ಹಾಕಿಸಬೇಕು? ಹೊಸದಾಗಿ ಕಟ್ಟಿದ, ಶಾಖ ಸೋರದ, ನೆಲದಡಿ ಬಿಸಿನೀರು ಹರಿಯುವ ಮನೆಗೆ ಪೆಲೆಟ್ ದಂಡ. ಹೀಟ್ ಪಂಪ್ ಅರ್ಧ ತಾಪತ್ರಯದಲ್ಲಿ ಕೆಲಸ ಮುಗಿಸುತ್ತದೆ. ದಪ್ಪ ಕಲ್ಲುಗೋಡೆಯ, ರೇಡಿಯೇಟರಿಗೆ 60–70 ಡಿಗ್ರಿ ನೀರು ಬೇಡುವ, ಹೊರಗೋಡೆಗೆ ಶಾಖನಿರೋಧಕ ಹೊದಿಸಲು ಪಾರಂಪರಿಕ ಕಟ್ಟಡ ಕಾಯುವ ಇಲಾಖೆಯವರು ಬಿಡದ ಹಳೆಯ ಮನೆಗಳಿವೆಯಲ್ಲ, ಅಲ್ಲಿ ಪೆಲೆಟ್‌ಗೆ ಸಾಟಿಯಿಲ್ಲ. ಅಲ್ಲೂ ಛಾವಣಿಯ ಮೇಲೆ ಸೋಲಾರ್ ಬಿಸಿನೀರಿನ ಹಲಗೆ ಜೊತೆಗಿರಲಿ. ಸ್ನಾನದ ನೀರಿಗಾಗಿ ಮಾತ್ರ ಬೇಸಿಗೆಯಲ್ಲಿ ಬಾಯ್ಲರ್ ಹೊತ್ತಿಸುವುದು ಶುದ್ಧ ನಷ್ಟ. ಮೇ ತಿಂಗಳಲ್ಲಿ ಬಾಯ್ಲರ್ ಆರಿಸಿ, ಎರಡು–ಮೂರು ವರ್ಷಕ್ಕೊಮ್ಮೆ ಉಗ್ರಾಣ ಪೂರ್ತಿ ಖಾಲಿಯಾಗಲು ಬಿಟ್ಟು ತಳದ ಹೊಟ್ಟು ಗುಡಿಸಿ ತೆಗೆಯಿರಿ. ಆ ಪುಡಿಯೇ ಸ್ಕ್ರೂ ಕಟ್ಟಿಸುವುದು. ಬಾಗಿಲು ತೆರೆದು ಗಾಳಿ ಆಡಿಸಲು ಹೊತ್ತೂ ಸಿಗುತ್ತದೆ, ರಬ್ಬರ್ ಹಾಳೆ ಹರಿದಿದೆಯೇ ಎಂದು ನೋಡಲು ಬೆಳಕೂ ಇರುತ್ತದೆ. ಪೆಲೆಟ್ ದರ ಸಾಮಾನ್ಯವಾಗಿ ಇಳಿದಿರುವುದೂ ಆಗಲೇ. ಅಕ್ಟೋಬರ್‌ನಲ್ಲಿ ಫೋನು ಮಾಡಿದರೆ ಲಾರಿ ಸಿಗುವುದು ಮೂರು ವಾರಕ್ಕೆ.